ಇಂಗ್ಲೆಂಡ್ ಪ್ರವಾಸ: ವರ್ತಕರು ಗಮನಿಸಬೇಕಾದ ಲೆಕ್ಕ

ಮಕ್ಕಳ ಬೇಸಿಗೆ ರಜೆಯಲ್ಲಿ ಸಕುಟುಂಬರಾಗಿ ಇಂಗ್ಲೆಂಡಿಗೆ ಹೋಗಿಬರುವ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಕರ್ನಾಟಕದಲ್ಲಿ ಈಗ ಅಪರೂಪವಲ್ಲ. ಲಂಡನ್ ನೋಡಿದ ಬಳಿಕ ಹಳ್ಳಿಗಾಡು, ಅನಂತರ ಕಡಲತೀರ ಎಂಬುದು ಇಂತಹ ಪ್ರವಾಸಗಳ ಸಾಮಾನ್ಯ ಕ್ರಮ. ಹಿಂದಿರುಗಿದವರ ಬಳಿ ಛಾಯಾಚಿತ್ರಗಳಿಗೆ ಕೊರತೆಯಿಲ್ಲ. ಆದರೆ ಆ ಊರುಗಳು ಏನನ್ನು ಬಂಡವಾಳವಾಗಿಟ್ಟುಕೊಂಡು ಗಳಿಸುತ್ತಿವೆ ಎಂಬುದನ್ನು ವಿಚಾರಿಸಿದವರು ವಿರಳ.

ಮಧ್ಯಯುಗದಲ್ಲಿ ಕಾಟ್ಸ್‌ವಲ್ಡ್ಸ್ ಪ್ರದೇಶ ಉಣ್ಣೆಯ ವ್ಯಾಪಾರದಿಂದ ಸಿರಿವಂತವಾಯಿತು. ಅಲ್ಲಿನ ಭವ್ಯ ಚರ್ಚುಗಳಲ್ಲಿ ಹಲವು ಉಣ್ಣೆ ವರ್ತಕರ ಹಣದಿಂದಲೇ ಎದ್ದುನಿಂತವು. ಬಿಬರಿ ಗ್ರಾಮದ ‘ಆರ್ಲಿಂಗ್ಟನ್ ರೋ’ 14ನೆಯ ಶತಮಾನದಲ್ಲಿ ಉಣ್ಣೆಯ ಉಗ್ರಾಣವಾಗಿತ್ತು. 17ನೆಯ ಶತಮಾನದಲ್ಲಿ ನೇಕಾರರ ಮನೆಗಳ ಸಾಲಾಯಿತು. ಚಿಪ್ಪಿಂಗ್ ಕ್ಯಾಂಪ್ಡೆನ್ ಪಟ್ಟಣದಲ್ಲಿ ಸರ್ ಬ್ಯಾಪ್ಟಿಸ್ಟ್ ಹಿಕ್ಸ್ ಎಂಬ ರೇಷ್ಮೆ ವರ್ತಕರು 1627ರಲ್ಲಿ ಕಟ್ಟಿಸಿದ ಮಾರುಕಟ್ಟೆ ಮಂಟಪ ಇಂದಿಗೂ ನಿಂತಿದೆ. 1940ರ ದಶಕದಲ್ಲಿ ಅದು ಪರದೇಶಕ್ಕೆ ಮಾರಾಟವಾಗುವ ಸ್ಥಿತಿ ಬಂದಾಗ ಊರಿನವರೇ ಹಣ ಕೂಡಿಸಿ ಕೊಂಡು, 1895ರಲ್ಲಿ ಸ್ಥಾಪಿತವಾಗಿದ್ದ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದರು. ಉಣ್ಣೆಯ ವೈಭವ ಎಂದೋ ಅಳಿದರೂ ಆ ಕಟ್ಟಡಗಳನ್ನು ನೋಡಲು ಬರುವವರಿಂದ ಚಹಾದಂಗಡಿ, ವಸತಿಗೃಹ, ಕರಕುಶಲ ಮಳಿಗೆಗಳು ನಡೆಯುತ್ತಿವೆ. ಇಕ್ಕಟ್ಟಾದ ಹಾದಿಗಳಲ್ಲಿ ಪ್ರವಾಸಿ ಬಸ್ಸುಗಳ ದಟ್ಟಣೆ ಬಿಬರಿಯ ನಿವಾಸಿಗಳಿಗೆ ಹೊರೆಯಾಗಿದೆ ಎಂಬುದೂ ನಿಜ.

ಕಡಲತೀರದ ಕಥೆ ಬೇರೆ. 1841ರಲ್ಲಿ ಲಂಡನ್ನಿನಿಂದ ರೈಲು ಬಂದುದು ಬ್ರೈಟನ್ನಿನ ಏಳಿಗೆಗೆ ಕಾರಣವಾಯಿತು. 1871ರ ಬ್ಯಾಂಕ್ ರಜೆಯ ಕಾನೂನು, 1938ರ ವೇತನಸಹಿತ ರಜೆಯ ಕಾನೂನುಗಳು ದುಡಿಯುವ ಜನರಿಗೆ ಕಡಲತೀರದ ದಾರಿಯನ್ನು ಸುಗಮಗೊಳಿಸಿದವು. ಮುಂದೆ ಅಗ್ಗದ ವಿಮಾನ ಪ್ರವಾಸಗಳು ಅದೇ ಗಿರಾಕಿಗಳನ್ನು ಸ್ಪೇನಿನ ಬಿಸಿಲಿಗೆ ಕೊಂಡೊಯ್ದವು. ಬೇಸಿಗೆಯ ಕೆಲವೇ ವಾರಗಳ ಗಳಿಕೆಯನ್ನು ನಂಬಿದ್ದ ಅನೇಕ ಊರುಗಳು ಸೊರಗಿದವು.

ಬ್ರೈಟನ್ನಿನಲ್ಲಿ ಕಡಲಿನೊಳಕ್ಕೆ ಚಾಚಿದ ಎರಡು ವಿಹಾರ ಸೇತುವೆಗಳಿದ್ದವು. 1866ರಲ್ಲಿ ತೆರೆದ ವೆಸ್ಟ್ ಪಿಯರ್ ದುರಸ್ತಿಯ ವೆಚ್ಚ ಭರಿಸಲಾಗದೆ 1975ರಲ್ಲಿ ಮುಚ್ಚಿತು. 2003ರಲ್ಲಿ ಬೆಂಕಿಗೆ ಆಹುತಿಯಾಗಿ ಈಗ ಕಬ್ಬಿಣದ ಅಸ್ಥಿಪಂಜರವಾಗಿ ಉಳಿದಿದೆ. 1899ರ ಪ್ಯಾಲೇಸ್ ಪಿಯರ್ ಇಂದಿಗೂ ವ್ಯಾಪಾರ ನಡೆಸುತ್ತಿದೆ. 2024ರಲ್ಲಿ ಅದು ಸ್ಥಳೀಯರನ್ನು ಬಿಟ್ಟು ಉಳಿದವರಿಗೆ ಪ್ರವೇಶ ಶುಲ್ಕ ವಿಧಿಸಿತು. ಗಿರಾಕಿಗಳು ಗೊಣಗುವುದು ಸಹಜ. ಆದರೆ ದುರಸ್ತಿಯ ಹಣ ಎಲ್ಲಿಂದಲೋ ಬರಲೇಬೇಕು.

ಸಣ್ಣ ಉದ್ಯಮಗಳ ದೌರ್ಬಲ್ಯವಿರುವುದೂ ಇಲ್ಲಿಯೇ. ಅಢಾವೆ ಪತ್ರಿಕೆಯಲ್ಲಿ ಯಂತ್ರಕ್ಕೂ ಕಟ್ಟಡಕ್ಕೂ ವರ್ಷವರ್ಷ ಸವಕಳಿ ಬರೆಯಲಾಗುತ್ತದೆ. ಅದರಿಂದ ತೆರಿಗೆಯ ಹೊರೆ ಇಳಿಯುತ್ತದೆ. ಆದರೆ ಆ ಮೊತ್ತದಷ್ಟು ನಗದು ಮರುಹೂಡಿಕೆಗೆ ಮೀಸಲಾಗುವುದು ಅಪರೂಪ. ಅದು ಮದುವೆಗೋ ನಿವೇಶನಕ್ಕೋ ವ್ಯಯವಾಗಿ, ಯಂತ್ರ ಕೈಕೊಟ್ಟ ದಿನ ಸಾಲಕ್ಕೆ ಬ್ಯಾಂಕಿನ ಬಾಗಿಲು ತಟ್ಟಬೇಕಾಗುತ್ತದೆ. ಸವಕಳಿಯ ಮೊತ್ತದ ಒಂದು ಪಾಲನ್ನಾದರೂ ಪ್ರತಿ ವರ್ಷ ಪ್ರತ್ಯೇಕ ಠೇವಣಿಯಲ್ಲಿ ಇಡುವ ಶಿಸ್ತು ರೂಢಿಯಾಗಬೇಕು.

ಕುಟುಂಬದ ಪ್ರವಾಸಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಅದು ವ್ಯಾಪಾರದ ಖರ್ಚಲ್ಲ. ಮಾಲೀಕನ ಸ್ವಂತ ಹಿಂತೆಗೆತ. ಲೆಕ್ಕದ ಪುಸ್ತಕದಲ್ಲಿ ಹಾಗೆಯೇ ನಮೂದಾಗಬೇಕು. ಆದಾಯದಿಂದ ಪ್ರವಾಸ ಮಾಡುವುದು ಸಂತೋಷದ ಸಂಗತಿ; ದುರಸ್ತಿಯ ಹಣದಿಂದ ಮಾಡುವುದು ವಿವೇಕವಲ್ಲ.