240 ನಿಮಿಷಗಳ ಪಾಲುಪಟ್ಟಿ

ಸರಕಾರಿ ಕಚೇರಿಯಲ್ಲಿ ಕಡತ ಕಟ್ಟುವ ನಮಗೆ ಬಾಸ್ಕೆಟ್‌ಬಾಲಿನ ಗೊಡವೆ ಏಕೆಂದು ವಾಚಕರು ಕೇಳಿಯಾರು. ಕಾರಣವಿದೆ. ಅಮೆರಿಕದಲ್ಲಿ ರಾತ್ರಿ ನಡೆಯುವ ಆಟ ನಮ್ಮಲ್ಲಿಗೆ ಬೆಳಗಿನ ಹೊತ್ತು ಬರುತ್ತದೆ. ಡಬ್ಬಿ ಕಟ್ಟುವ, ಲೋಕಲ್ ಗಾಡಿಗೆ ಓಡುವ ಗಡಿಬಿಡಿಯಲ್ಲೇ ಮನೆಯ ಮಕ್ಕಳು ತಿಂಡಿಯ ತಟ್ಟೆಯ ಪಕ್ಕ ಫೋನು ನಿಲ್ಲಿಸಿಕೊಂಡು ಅದನ್ನು ನೋಡುತ್ತಿರುತ್ತಾರೆ. ಅವರ ವಾದವೆಲ್ಲ ಒಂದೇ: "ಆ ಮುದುಕನನ್ನು ಇನ್ನೂ ಏಕೆ ಆಡಿಸುತ್ತಾರೆ? ಈ ಹುಡುಗನನ್ನು ಬೆಂಚಿನ ಮೇಲೆ ಏಕೆ ಕೂರಿಸುತ್ತಾರೆ?" ಮುದುಕ ಎಂದರೆ ಮೂವತ್ತೈದು ವರ್ಷದವನು ಎಂದು ತಿಳಿದಾಗ ನಮ್ಮ ಎದೆ ತುಸು ಝಲ್ಲೆಂದಿತು. ನಾವೂ ಆ ವಯಸ್ಸಿನ ಆಸುಪಾಸಿನವರೇ. ಕಚೇರಿಯಲ್ಲಾದರೋ ನಮ್ಮನ್ನು ಈಗಲೂ "ಹೊಸ ಹುಡುಗ" ಎಂದೇ ಕರೆಯುತ್ತಾರೆ!

ಮೊದಲು ಲೆಕ್ಕ ನೋಡೋಣ. ಎನ್‌ಬಿಎ ಎಂಬ ಅಲ್ಲಿಯ ವೃತ್ತಿಪರ ಲೀಗಿನಲ್ಲಿ ಒಂದು ಪಂದ್ಯ 48 ನಿಮಿಷದ್ದು. ಅಂಗಣದಲ್ಲಿ ಒಂದು ಪಕ್ಷಕ್ಕೆ ಐದೇ ಜನ. ಐದನ್ನು ನಲವತ್ತೆಂಟರಿಂದ ಗುಣಿಸಿದರೆ 240. ಸಮಸಮವಾಗಿ ಆಟ ಬೆಳೆದ ದಿನ ಬಿಟ್ಟರೆ, ಒಂದು ರಾತ್ರಿಗೆ ತಂಡದ ಖಾತೆಯಲ್ಲಿರುವ ಬಂಡವಾಳ ಇಷ್ಟೇ. ಸಂಬಳದ ಪಟ್ಟಿಯಲ್ಲಿ ಮಾತ್ರ ಹದಿನೈದು ಹೆಸರು. ಒಬ್ಬನಿಗೆ ಐದು ನಿಮಿಷ ಬಡಿಸಬೇಕಾದರೆ ಇನ್ನೊಬ್ಬನ ಎಲೆಯಿಂದ ಅಷ್ಟನ್ನು ತೆಗೆಯಲೇಬೇಕು. ನಮ್ಮ ಕಚೇರಿಗಳಲ್ಲಿ ಸೇವಾಜ್ಯೇಷ್ಠತೆಯ ಪಟ್ಟಿಯೊಂದಿದೆ. ಅದು ಮೇಲಧಿಕಾರಿಯ ಪಾಲಿಗೆ ದೊಡ್ಡ ರಕ್ಷೆ. ತರಬೇತುದಾರನಿಗೆ ಅಂಥ ರಕ್ಷೆಯಿಲ್ಲ. ಸೀಸನ್ನಿನ 82 ಪಂದ್ಯಗಳಲ್ಲೂ ಅವನು ಹೊಸದಾಗಿ ಪಾಲುಪಟ್ಟಿ ಬರೆಯಬೇಕು, ಸಾವಿರಾರು ಜನರ ಕಣ್ಣೆದುರಿಗೆ.

ಎರಡು ಕಡೆಯೂ ನ್ಯಾಯವಿದೆ. ಚೆಂಡು ಎಲ್ಲಿ ಬೀಳುವುದೆಂದು ಹಳಬನಿಗೆ ಮೊದಲೇ ಗೊತ್ತು. ಜನ ಟಿಕೆಟು ಕೊಳ್ಳುವುದೂ ಅವನ ಮುಖ ನೋಡಿ. ಹುಡುಗನ ಕಡೆಯ ಮಾತೂ ಸುಳ್ಳಲ್ಲ: ನೀರಿಗಿಳಿಯದೆ ಈಜು ಬಾರದು. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಸಿಗುವ ಮೊದಲ ಕರಾರು ಹೆಚ್ಚೆಂದರೆ ನಾಲ್ಕು ವರ್ಷದ್ದು. ಆ ನಾಲ್ಕು ವರ್ಷ ಬೆಂಚಿನ ಮೇಲೆ ಕಳೆದುಹೋದರೆ ಮುಂದಿನ ಕರಾರಿಗೆ ಅವನು ಏನನ್ನು ತೋರಿಸಬೇಕು?

2015-16ರ ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನು ನೋಡಿ. ಕೋಬಿ ಬ್ರ್ಯಾಂಟ್ ಅವರಿಗೆ ಆಗ 37. ಅದೇ ತಮ್ಮ ಕೊನೆಯ ಸೀಸನ್ ಎಂದು ಅವರು ಆರಂಭದಲ್ಲೇ ಸಾರಿದರು. ಹೋದ ಹೋದ ಊರಿನಲ್ಲೆಲ್ಲ ಬೀಳ್ಕೊಡುಗೆ. ಅದೇ ತಂಡದಲ್ಲಿ ಆ ವರ್ಷದ ಎರಡನೆಯ ಆಯ್ಕೆಯಾಗಿ ಬಂದ, ಹತ್ತೊಂಬತ್ತರ ಡಿ'ಆಂಜೆಲೊ ರಸೆಲ್ ಇದ್ದರು. ಡಿಸೆಂಬರಿನಲ್ಲಿ ಅವರನ್ನೂ ಇನ್ನೊಬ್ಬ ಎಳೆಯ ಜೂಲಿಯಸ್ ರ್‍ಯಾಂಡಲ್‌ರನ್ನೂ ಮೊದಲ ಐವರಿಂದ ತೆಗೆದು ಕೆಲಕಾಲ ಬೆಂಚಿಗೆ ಕಳಿಸಿದರು. 2016ರ ಏಪ್ರಿಲ್ 13ರಂದು ಕೋಬಿ ತಮ್ಮ ಕೊನೆಯ ಪಂದ್ಯದಲ್ಲಿ 50 ಸಲ ಬುಟ್ಟಿಗೆ ಗುರಿಯಿಟ್ಟು 60 ಅಂಕ ಗಳಿಸಿ ತಂಡವನ್ನು ಗೆಲ್ಲಿಸಿದರು. ಆ ರಾತ್ರಿ ಬೇಡವಾಗಿತ್ತು ಎನ್ನುವಷ್ಟು ಕಲ್ಲೆದೆ ನಮಗಿಲ್ಲ. ಆದರೆ 82ರಲ್ಲಿ ತಂಡ ಸೋತದ್ದು 65. ಮರುವರ್ಷ ಕಳೆಯುತ್ತಲೇ ರಸೆಲ್‌ರನ್ನು ಬ್ರೂಕ್ಲಿನ್ ತಂಡಕ್ಕೆ ಕೊಟ್ಟುಬಿಟ್ಟರು. 2019ರಲ್ಲಿ ಅವರು ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದದ್ದು ಅಲ್ಲಿಂದ. ಪೈರು ಲೇಕರ್ಸ್ ಅವರದು, ಕಣಜ ತುಂಬಿದ್ದು ಪಕ್ಕದ ಮನೆಯಲ್ಲಿ.

ಎರಡು ದೋಣಿಯಲ್ಲಿ ಕಾಲಿಟ್ಟವರ ಕಷ್ಟವನ್ನು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕಂಡರು. 2020ರಲ್ಲಿ ಅವರು ಎರಡನೆಯ ಆಯ್ಕೆಯಾಗಿ ತಂದ ಜೇಮ್ಸ್ ವೈಸ್‌ಮನ್‌ಗೆ ಹತ್ತೊಂಬತ್ತು ವರ್ಷ. ಕಾಲೇಜಿನಲ್ಲಿ ಆಡಿದ್ದು ಮೂರೇ ಪಂದ್ಯ. ಮಂಡಿಯ ಪೆಟ್ಟಿನಿಂದ 2021-22 ಪೂರ್ತಿ ಹೊರಗೆ ಕೂತರು. ಆ ವರ್ಷ ಸ್ಟೀಫನ್ ಕರಿ ಮೊದಲಾದ ಮೂವತ್ತು ದಾಟಿದವರ ಬಲದಿಂದ ತಂಡ ಚಾಂಪಿಯನ್ ಆಯಿತು. ವೈಸ್‌ಮನ್ ಮರಳಿ ಬಂದಾಗ ಎಂಥ ಇಕ್ಕಟ್ಟು ನೋಡಿ: ತಪ್ಪು ಮಾಡಿ ಕಲಿಯಲು ಹುಡುಗನಿಗೆ ನಿಮಿಷ ಬೇಕು, ಪಟ್ಟ ಉಳಿಸಿಕೊಳ್ಳಲು ತಂಡಕ್ಕೆ ತಪ್ಪೇ ಬೇಡ. ಕಲಿಕೆಗೆಂದೇ ಇರುವ ಕೆಳಗಿನ ಜಿ ಲೀಗಿಗೆ ಕಳಿಸಿ ನೋಡಿದರು. ಕೊನೆಗೆ 2023ರ ಫೆಬ್ರವರಿಯಲ್ಲಿ ಬಿಟ್ಟುಕೊಟ್ಟರು. ಇಲ್ಲಿ ಯಾರನ್ನು ದೂರೋಣ?

ಹಾಗಾದರೆ ಈ ತಕ್ಕಡಿಯನ್ನು ಸಮವಾಗಿ ಹಿಡಿದವರು ಯಾರೂ ಇಲ್ಲವೆ? ಇದ್ದಾರೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದಲ್ಲಿ ಡೇವಿಡ್ ರಾಬಿನ್‌ಸನ್ ಎಂಬ ದೊಡ್ಡ ಆಟಗಾರರಿದ್ದರು. ನೌಕಾದಳದಲ್ಲಿ ಸೇವೆ ಮುಗಿಸಿ 1989ರಲ್ಲಿ ತಂಡ ಸೇರಿದವರು. 1995ರಲ್ಲಿ ಲೀಗಿನ ಶ್ರೇಷ್ಠ ಆಟಗಾರರೆನಿಸಿದವರು. 1997ರಲ್ಲಿ ಟಿಮ್ ಡಂಕನ್ ಎಂಬ ಇಪ್ಪತ್ತೊಂದರ ಯುವಕ ಬಂದಾಗ ರಾಬಿನ್‌ಸನ್‌ಗೆ 32, ಆಟ ಬತ್ತಿರಲಿಲ್ಲ. ಆದರೂ ಮುಂದಾಳುತನ ಹುಡುಗನ ಕೈಗೆ ಹೋಗಲು ಅವರು ಅಡ್ಡ ಬರಲಿಲ್ಲ. 1999ರಲ್ಲಿ ಇಬ್ಬರೂ ಕೂಡಿ ತಂಡಕ್ಕೆ ಮೊದಲ ಪಟ್ಟ ತಂದರು. 2002-03ರ ಹೊತ್ತಿಗೆ ರಾಬಿನ್‌ಸನ್ ಆಡುತ್ತಿದ್ದುದು ಪಂದ್ಯಕ್ಕೆ ಸರಾಸರಿ 26 ನಿಮಿಷ. ಅವರ ಕೊನೆಯ ಪಂದ್ಯವೇ ತಂಡ ಎರಡನೆಯ ಪಟ್ಟ ಗೆದ್ದ ಪಂದ್ಯ. ಡಂಕನ್ 21 ಅಂಕ ಗಳಿಸಿ 20 ಸಲ ಚೆಂಡು ಹಿಡಿದರು. ಮೂವತ್ತೇಳರ ರಾಬಿನ್‌ಸನ್ 13 ಅಂಕ, 17 ಸಲ.

ಕಂಡ ಪಾಠವನ್ನು ಡಂಕನ್ ಮರೆಯಲಿಲ್ಲ. 2001-02ರಲ್ಲಿ ಪಂದ್ಯಕ್ಕೆ 40 ನಿಮಿಷ ಮೀರಿ ಆಡುತ್ತಿದ್ದವರು 2013-14ರಲ್ಲಿ 29ಕ್ಕೆ ಇಳಿದರು. ಜೊತೆಯ ಮನು ಜಿನೋಬಿಲಿ ಮೊದಲ ಐವರಲ್ಲಿರಬೇಕಾದ ಆಟಗಾರ. ಆದರೂ ವರ್ಷಾನುಗಟ್ಟಲೆ ಬೆಂಚಿನಿಂದೆದ್ದು ಬಂದು ಆಡಿದರು. ತರಬೇತುದಾರ ಗ್ರೆಗ್ ಪಾಪೊವಿಚ್ ಆ ಸೀಸನ್ನಿನಲ್ಲಿ ಒಬ್ಬನಿಗೂ ಸರಾಸರಿ 30 ನಿಮಿಷ ದಾಟಗೊಡಲಿಲ್ಲ. ಆದರೂ ಗೆದ್ದದ್ದು 62 ಪಂದ್ಯ, ಮೇಲೆ ಚಾಂಪಿಯನ್ ಪಟ್ಟ. ಅಂತಿಮ ಸರಣಿಯ ಶ್ರೇಷ್ಠ ಆಟಗಾರ ಯಾರೆಂದಿರಿ? ಇಪ್ಪತ್ತೆರಡರ ಕವಾಯ್ ಲೆನರ್ಡ್.

ಇದಕ್ಕೂ ಬೆಲೆ ತೆರಬೇಕಾಯಿತು. 2012ರ ನವೆಂಬರ್ 29ರಂದು, ಆರು ಪಂದ್ಯಗಳ ಪರಸ್ಥಳದ ಪ್ರವಾಸದ ಕೊನೆಯಲ್ಲಿ, ಪಾಪೊವಿಚ್ ಡಂಕನ್, ಪಾರ್ಕರ್, ಜಿನೋಬಿಲಿ, ಗ್ರೀನ್ ನಾಲ್ವರನ್ನೂ ಮನೆಗೆ ಕಳಿಸಿ ಉಳಿದವರನ್ನು ಮಯಾಮಿಯ ವಿರುದ್ಧ ಇಳಿಸಿದರು. ಉಳಿದವರು ಸೋತದ್ದು ಐದೇ ಅಂಕಗಳಿಂದ. ಆದರೆ ಲೀಗು ತಂಡಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿತು. ದಂಡವನ್ನು ಅನ್ಯಾಯವೆಂದು ತಳ್ಳಿಹಾಕಲಾರೆವು. ಸಂಬಳದಲ್ಲಿ ಉಳಿಸಿ ಮಕ್ಕಳಿಗೆ ಟಿಕೆಟು ಕೊಂಡ ಮನೆಯಜಮಾನನೊಬ್ಬ ಆ ಸಂಜೆ ಖಾಲಿ ಬೆಂಚನ್ನು ನೋಡಿ ಮಕ್ಕಳಿಗೆ ಏನು ಹೇಳಿದ್ದಾನು? 2023ರಲ್ಲಿ ಲೀಗು ತಾರೆಗಳ ವಿಶ್ರಾಂತಿಗೆ ಇನ್ನೂ ಬಿಗಿಯಾದ ಕಟ್ಟಳೆ ಮಾಡಿತು.

ಮಕ್ಕಳ ವಾದಕ್ಕೆ ನಾವು ಕೊಡುವ ತೀರ್ಪು ಇಷ್ಟೇ. ಹಿಂದೆ ಆಡಿದ ಆಟಕ್ಕೆ ನಿಮಿಷಗಳನ್ನು ಪಿಂಚಣಿಯಂತೆ ಕೊಡಲಾಗದು. ಮುಂದೆ ಆಡಲಿರುವ ಆಟಕ್ಕೆ ಮುಂಗಡವಾಗಿ ಸುರಿಯಲೂ ಆಗದು. ಮೈಯಲ್ಲಿ ಕಸುವಿರುವಾಗಲೇ ಹಿರಿಯನು ವರ್ಷಕ್ಕಿಷ್ಟು ಬಿಟ್ಟುಕೊಡುತ್ತ ಬಂದರೆ ಅಷ್ಟಷ್ಟನ್ನೇ ಕಿರಿಯನು ಅರಗಿಸಿಕೊಳ್ಳುತ್ತಾನೆ, ಪಕ್ಕದಲ್ಲೇ ನಿಂತು ಕಲಿಯುತ್ತಾನೆ. ರಾಬಿನ್‌ಸನ್ ಬಿಟ್ಟದ್ದು ಹತ್ತು ನಿಮಿಷ, ಪಡೆದದ್ದು ಎರಡು ಪಟ್ಟ.

ಇದನ್ನು ಓದಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಹಿರಿಯರು ಹುಬ್ಬು ಗಂಟಿಕ್ಕಬಾರದಾಗಿ ಪ್ರಾರ್ಥನೆ. ನಾವು ಆಡಿದ್ದು ಬಾಸ್ಕೆಟ್‌ಬಾಲಿನ ಮಾತು ಮಾತ್ರ.