ವಿದ್ಯಾರ್ಥಿಗಳಿಲ್ಲದ ವಿದ್ಯಾರ್ಥಿ ಸಂಚಿಕೆ

ಮಾಯಕೊಂಡದಂಥ ಹೋಬಳಿಯ ಕಾಲೇಜಿರಲಿ, ಮಹಾನಗರದ್ದಿರಲಿ, ವಾರ್ಷಿಕ ಸಂಚಿಕೆಯನ್ನು ತೆರೆದರೆ ಬಹುತೇಕ ಕಡೆ ಕಾಣುವುದು ಒಂದೇ ನೋಟ. ಮೊದಲು ಗಣ್ಯರ ಶುಭ ಸಂದೇಶ, ಅನಂತರ ಭಾವಚಿತ್ರಗಳು, ಆಮೇಲೆ ಸಮಿತಿಗಳ ವರದಿ. ಉಳಿದ ಜಾಗದಲ್ಲಿ ವಿದ್ಯಾರ್ಥಿಗಳ ಹೆಸರಿನಲ್ಲಿ ನುಡಿಮುತ್ತು, ನಗೆಹನಿ, ಎಲ್ಲಿಂದಲೋ ಎತ್ತಿಕೊಂಡ ಕವನ. ಸಂಚಿಕೆಗೆ ಶುಲ್ಕ ಕೊಡುವವರು ವಿದ್ಯಾರ್ಥಿಗಳು. ಅದರಲ್ಲಿ ಮೆರೆಯುವವರು ಬೇರೆಯವರು. ನ್ಯಾಕ್ ಸಮಿತಿಯ ಮುಂದಿಡಲು ಒಂದು ಪ್ರತಿ ಸಿದ್ಧವಾದರೆ ಅಲ್ಲಿಗೆ ಎಲ್ಲರೂ ನಿರಾಳ.

ಈಗಿನ ಹುಡುಗರಿಗೆ ಬರೆಯಲು ಬರುವುದಿಲ್ಲ, ಎಲ್ಲವನ್ನೂ ಮೊಬೈಲಿನಿಂದ ನಕಲು ಮಾಡುತ್ತಾರೆ ಎಂಬುದು ಅಧ್ಯಾಪಕರ ದೂರು. ನಾವು ಕೇಳುತ್ತೇವೆ: ನಕಲು ಮಾಡಲಾಗದ ಯಾವ ವಿಷಯವನ್ನು ನೀವು ಅವರಿಗೆ ಕೊಟ್ಟಿದ್ದೀರಿ? ಮಾಯಕೊಂಡದ ಮೆಕ್ಕೆಜೋಳ ಬೆಳೆಗಾರನ ಮಗನಿಗೆ ಬೀಜ, ಗೊಬ್ಬರ, ಸಾಲ, ಮಾರುಕಟ್ಟೆಯ ದರ ಎಲ್ಲದರ ಲೆಕ್ಕವೂ ಗೊತ್ತು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಕಾರ್ಮಿಕನ ಮಗಳಿಗೆ ಆ ಬೆಂಕಿ, ಹೊಗೆ, ಕೂಲಿ ಗೊತ್ತು. ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಮೇಲೆ ಹರಿಹರದ ಮನೆಗಳು ಹೇಗೆ ಬದುಕಿದವೆಂದು ಅಲ್ಲಿನ ಹುಡುಗರು ಹಿರಿಯರನ್ನು ಕೇಳಿ ಬರೆಯಬಲ್ಲರು. ಇಂಥ ಬರಹಕ್ಕೆ ಯಾವ ಯಂತ್ರವೂ ನೆರವಾಗದು. 'ಸಮಯದ ಮಹತ್ವ' ಬರೆಯಿರಿ ಎಂದರೆ ಮಾತ್ರ ನಕಲೇ ಬರುತ್ತದೆ.

ಕನ್ನಡದ ಕಾಲೇಜುಗಳ ಪರಂಪರೆ ಇಷ್ಟು ಬಡವಾಗಿರಲಿಲ್ಲ. 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಹೊರಟದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ. ಅದರ ಹಿಂದೆ ನಿಂತವರು ಅಧ್ಯಾಪಕರಾಗಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳು. ಮುಂದೆ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಚಿ. ಶ್ರೀನಿವಾಸರಾಜು ಅವರು ನಾಡಿನ ವಿದ್ಯಾರ್ಥಿಗಳಿಗಾಗಿ ಬೇಂದ್ರೆ ಹೆಸರಿನ ಕವಿತಾ ಸ್ಪರ್ಧೆ ನಡೆಸಿದರು, ಎಳೆಯರ ಕವಿತೆಗಳನ್ನು ಪುಸ್ತಕವಾಗಿಸಿದರು. ಇದಕ್ಕೆ ಬೇಕಾದದ್ದು ಕೋಟಿಗಟ್ಟಲೆ ಅನುದಾನವಲ್ಲ, ವಿದ್ಯಾರ್ಥಿಯ ಬರಹವನ್ನು ಕುಳಿತು ಓದುವ ಒಬ್ಬ ಮೇಷ್ಟ್ರು.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ತಮ್ಮ ಸುತ್ತಲಿನ ಹೆಣ್ಣುಮಕ್ಕಳ ಬದುಕನ್ನೇ ಅವರು ಬರೆದರು. ಅಂಥ ಬದುಕನ್ನು ಕಂಡ ಹುಡುಗಿಯರು ನಮ್ಮ ತರಗತಿಗಳಲ್ಲೇ ಕುಳಿತಿದ್ದಾರೆ. ಅವರಿಗೆ ಮೊದಲ ಪುಟ ಕೊಡುವವರು ಯಾರು?

ನಮ್ಮ ಬೇಡಿಕೆ ಸರಳ. ಸಂಚಿಕೆಯ ಮುಕ್ಕಾಲು ಪಾಲು ವಿದ್ಯಾರ್ಥಿಗಳಿಗಿರಲಿ. ಸಂಪಾದಕ ಮಂಡಳಿಯಲ್ಲಿ ಅವರೂ ಇರಲಿ. ಬರಹವನ್ನು ಅಧ್ಯಾಪಕರು ತಿದ್ದಿ ಹಿಂದಿರುಗಿಸಲಿ, ಮತ್ತೆ ಬರೆಸಲಿ. ಕಾಲೇಜನ್ನೇ ಟೀಕಿಸುವ ಲೇಖನ ಬಂದರೆ ಅದನ್ನೂ ಉತ್ತರದ ಸಮೇತ ಅಚ್ಚುಹಾಕಲಿ. ಅಷ್ಟು ಧೈರ್ಯವೂ ಇಲ್ಲದ ಕಾಲೇಜು ವಿದ್ಯಾರ್ಥಿಗಳಿಂದ ಸಂಚಿಕೆಯ ಶುಲ್ಕ ವಸೂಲಿ ಮಾಡುವುದನ್ನು ನಿಲ್ಲಿಸಲಿ.