‘ಸಾಧಾರಣ’ ಎಂಬ ಷರಾ

‘ತಪ್ಪು ಮಾಡದವರು ಕೋರ್ಟಿಗೆ ಯಾಕ್ರೀ ಹೆದರಬೇಕು?’ ಸ್ಟಾಫ್ ರೂಮಿನಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಬಹುಮಟ್ಟಿಗೆ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಹತ್ತಿದವರು ಬೇರೆಯೇ ಹೇಳುತ್ತಾರೆ: ಗೆದ್ದವನು ಸೋತ, ಸೋತವನು ಸತ್ತ. ಅಜ್ಜ ಅಜ್ಜಿಯರ ಕಾಲದ ಈ ಗಾದೆ ಹುಟ್ಟಿದ್ದು ಗದ್ದೆ ಬದುವಿನ ಜಗಳಗಳಿಂದ ಇರಬೇಕು. ಈಗ ಅದನ್ನು ಬಾಯಿಬಿಟ್ಟವರ ಮೇಲೆ ಪ್ರಯೋಗಿಸುವ ವಿದ್ಯೆಯನ್ನು ದೊಡ್ಡವರು ಕಲಿತಿದ್ದಾರೆ. ಕೇಸು ಗೆಲ್ಲಬೇಕೆಂಬ ಆಸೆ ಅವರಿಗೆ ಇರಲೇಬೇಕೆಂದಿಲ್ಲ. ಹಾಕಿದರೆ ಸಾಕು.

ನಾನು ಸರ್ಕಾರಿ ಶಾಲೆಯ ಟೀಚರು. ದಿನವೂ ಬಿಸಿಯೂಟದ ರುಚಿ ನೋಡಿ ರಿಜಿಸ್ಟರಿನಲ್ಲಿ ಷರಾ ಬರೆಯುವವಳು. ಆದ್ದರಿಂದ ಊಟದ ಉದಾಹರಣೆಯನ್ನೇ ಕೊಡುತ್ತೇನೆ.

ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯಲ್ಲಿ ಸಿಯೂರ್ ಎಂಬ ಹಳ್ಳಿ. 2019ರ ಆಗಸ್ಟ್ 22ರಂದು ಅಲ್ಲಿನ ಪ್ರಾಥಮಿಕ ಶಾಲೆಯ ಮಕ್ಕಳು ನೆಲದ ಮೇಲೆ ಕೂತು ರೊಟ್ಟಿಯನ್ನು ಉಪ್ಪಿಗೆ ಅದ್ದಿಕೊಂಡು ತಿನ್ನುತ್ತಿದ್ದರು. ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ಸರ್ಕಾರವೇ ಗೊತ್ತುಮಾಡಿದೆ. ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 2001ರಲ್ಲೇ ಅಪ್ಪಣೆ ಮಾಡಿತ್ತು. ಅಲ್ಲಿ ಬೇಳೆಯ ಜಾಗದಲ್ಲಿ ಉಪ್ಪು, ತರಕಾರಿಯ ಜಾಗದಲ್ಲೂ ಉಪ್ಪು. ಸಣ್ಣ ಪತ್ರಿಕೆಯೊಂದರ ವರದಿಗಾರ ಪವನ್ ಜೈಸ್ವಾಲ್ ಅದನ್ನು ವಿಡಿಯೋ ಮಾಡಿದರು. ದೇಶವೆಲ್ಲ ನೋಡಿತು.

ಮೊದಲು ಅಧಿಕಾರಿಗಳು ಲೋಪವನ್ನು ಒಪ್ಪಿಕೊಂಡು ಅಮಾನತು ಮಾಡುವ ಶಾಸ್ತ್ರ ಮುಗಿಸಿದರು. ಹತ್ತು ದಿನ ಕಳೆಯುವುದರೊಳಗೆ ಗಾಳಿ ತಿರುಗಿತು. ಆಗಸ್ಟ್ 31ರಂದು, ಅಲ್ಲಿನ ಶಿಕ್ಷಣಾಧಿಕಾರಿಯ ದೂರಿನ ಮೇಲೆ, ಜೈಸ್ವಾಲರ ಮೇಲೆಯೇ ಎಫ್‌ಐಆರ್ ಆಯಿತು. ಒಳಸಂಚು, ಸರ್ಕಾರಿ ಕೆಲಸಕ್ಕೆ ಅಡ್ಡಿ, ಸುಳ್ಳು ಸಾಕ್ಷ್ಯ, ಕೊನೆಗೆ 420, ಅಂದರೆ ವಂಚನೆ. ಆ ಒಂದು ಕಲಮಿಗೇ ಏಳು ವರ್ಷದವರೆಗೆ ಜೈಲು. ತರಕಾರಿ ಇಲ್ಲವೆಂದು ಗೊತ್ತಾದಾಗ ತರಿಸಿಕೊಡುವುದು ಬಿಟ್ಟು ಪತ್ರಕರ್ತನನ್ನು ಕರೆಸಿದ್ದು ಸಂಚಂತೆ. ಪತ್ರಿಕೆಯವನಾದರೆ ಫೋಟೋ ತೆಗೆಯಬೇಕಿತ್ತು, ವಿಡಿಯೋ ಯಾಕೆ ಮಾಡಿದ ಎಂದು ಜಿಲ್ಲೆಯ ದೊಡ್ಡ ಅಧಿಕಾರಿಯೇ ಕೇಳಿದರು! ನಮ್ಮ ಏಳನೇ ತರಗತಿಯ ಹುಡುಗರೂ ಹೋಂವರ್ಕಿಗೆ ಇದಕ್ಕಿಂತ ಒಳ್ಳೆಯ ನೆಪ ಹೇಳುತ್ತಾರೆ. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತೇವೆ. ಅಲ್ಲಿ ಉಪ್ಪು ತಿಂದದ್ದು ಮಕ್ಕಳು, ನೀರು ಕುಡಿದದ್ದು ತೋರಿಸಿದವನು.

ಅದೇ ಡಿಸೆಂಬರಿನಲ್ಲಿ ಪೊಲೀಸರು ಅವರ ಹೆಸರನ್ನು ಕೈಬಿಟ್ಟರು. ‘ನೋಡಿ, ಕೊನೆಗೆ ನ್ಯಾಯ ಸಿಕ್ಕಿತಲ್ಲ’ ಎಂದರು ನಮ್ಮ ಸ್ಟಾಫ್ ರೂಮಿನಲ್ಲಿ. ಏನು ಸಿಕ್ಕಿತು? ಮಾಡದ ತಪ್ಪಿಗೆ ಮೂರು ತಿಂಗಳ ಮೇಲೆ ಆರೋಪಿ ಎನ್ನಿಸಿಕೊಂಡು ತಿರುಗಿದ್ದನ್ನು ಯಾರು ವಾಪಸು ಕೊಟ್ಟರು? ಮನೆ ನಡೆಸುವ ನಮಗೆ ಇದು ಗೊತ್ತಿರಬೇಕು. ಗಂಡನ ಮೇಲೆ ಕೇಸಿದೆ ಎಂದರೆ ಕಿರಾಣಿ ಅಂಗಡಿಯವನ ದನಿ ಬದಲಾಗುತ್ತದೆ, ಮಗಳ ಸಂಬಂಧದ ಮಾತು ನಿಲ್ಲುತ್ತದೆ. ಜೈಸ್ವಾಲ್ 2022ರ ಮೇ ತಿಂಗಳಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ಕಾಯಿಲೆಗೂ ಕೇಸಿಗೂ ನಾನು ಗಂಟು ಹಾಕುತ್ತಿಲ್ಲ, ಹಾಕುವುದು ಸರಿಯೂ ಅಲ್ಲ.

ಹಳ್ಳಿಯ ವರದಿಗಾರ, ಪಾಪ, ದಿಕ್ಕಿಲ್ಲದವನು, ನಮ್ಮಂಥ ಓದಿದವರಿಗೆ ಹೀಗಾಗದು ಎನ್ನುವಿರಾ? ಪ್ರಿಯಾ ರಮಣಿಯವರನ್ನು ನೆನೆಯಿರಿ. ಹಿಂದೊಮ್ಮೆ ಸಂಪಾದಕರಾಗಿದ್ದ ಎಂ.ಜೆ. ಅಕ್ಬರ್ ತಮ್ಮೊಡನೆ ಕೆಟ್ಟದಾಗಿ ನಡೆದುಕೊಂಡರು ಎಂದು ಅವರು 2018ರಲ್ಲಿ ಹೇಳಿದರು. ಅಕ್ಬರ್ ಆಗ ಕೇಂದ್ರದ ಸಚಿವರು. ಅಲ್ಲಗಳೆದರು, ಅಲ್ಲಗಳೆಯುವ ಹಕ್ಕು ಅವರಿಗಿದೆ. ಆದರೆ ಅಷ್ಟಕ್ಕೆ ನಿಲ್ಲದೆ ಕ್ರಿಮಿನಲ್ ಮಾನನಷ್ಟದ ದೂರು ಕೊಟ್ಟರು. ವಕಾಲತ್ತಿನಲ್ಲಿ 97 ವಕೀಲರ ಹೆಸರು! ರಮಣಿ ಬೆಂಗಳೂರಿನಲ್ಲಿದ್ದವರು, ಕೇಸು ದೆಹಲಿಯಲ್ಲಿ. 2021ರ ಫೆಬ್ರವರಿ 17ರಂದು ಕೋರ್ಟು ಅವರನ್ನು ಖುಲಾಸೆ ಮಾಡಿತು. ಅದರ ಮೇಲೂ ಹೈಕೋರ್ಟಿಗೆ ಮೇಲ್ಮನವಿ ಹೋಯಿತು. ಆ ಎರಡು ವರ್ಷ ನಾಲ್ಕು ತಿಂಗಳಲ್ಲಿ ತಮ್ಮ ಕಥೆಯನ್ನು ಗಂಟಲಲ್ಲೇ ನುಂಗಿಕೊಂಡ ಹೆಂಗಸರು ಎಷ್ಟು ಮಂದಿಯೋ, ಅವರ ತೀರ್ಪನ್ನು ಬರೆಯುವವರು ಯಾರು?

ಹೆಸರಿಗೆ ಕುಂದಾಯಿತೆಂದು ಅನ್ನಿಸಿದರೆ ಸಿವಿಲ್ ದಾವೆ ಹೂಡಿ ಪರಿಹಾರ ಕೇಳಲಿ. ಮಾತಿಗೆ ಜೈಲು ಯಾಕೆ? ಬ್ರಿಟಿಷರು 1860ರಲ್ಲಿ ಬರೆದಿಟ್ಟ ಈ ಅಪರಾಧವನ್ನು ಸುಪ್ರೀಂ ಕೋರ್ಟು 2016ರಲ್ಲಿ ಸರಿಯೆಂದಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಅದನ್ನು ಜೋಪಾನವಾಗಿ ಉಳಿಸಿಕೊಂಡಿತು. ಇತ್ತ, ಭ್ರಷ್ಟಾಚಾರದ ಸುಳಿವು ಕೊಟ್ಟವರನ್ನು ಕಾಪಾಡಲೆಂದು 2014ರಲ್ಲಿ ಆದ ಕಾಯಿದೆ ಹತ್ತು ವರ್ಷ ಕಳೆದರೂ ಜಾರಿಗೆ ಬರಲಿಲ್ಲ. ಹೆದ್ದಾರಿ ಕೆಲಸದ ಅಕ್ರಮ ತಿಳಿಸಿದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಗಯಾದಲ್ಲಿ ಕೊಲೆಯಾದ ಮೇಲೆ ಇಂಥ ಕಾಯಿದೆ ಬೇಕೆಂದು ಕೂಗೆದ್ದಿತ್ತು. ಹೊಡೆಯುವ ಕೋಲಿಗೆ ಎಣ್ಣೆ ಹಚ್ಚಿಟ್ಟು, ತಡೆಯುವ ಬಾಗಿಲನ್ನು ಅಟ್ಟಕ್ಕೆ ಹಾಕಿದ ಹಾಗಾಯಿತು.

ಇನ್ನು ನನ್ನ ವಿಷಯ. 2019ರ ಸೆಪ್ಟೆಂಬರ್, ಮಿರ್ಜಾಪುರದ ಸುದ್ದಿ ಪತ್ರಿಕೆಗಳಲ್ಲಿ ಬಂದ ವಾರ. ನಮ್ಮ ಶಾಲೆಗೆ ಬಂದ ತೊಗರಿಬೇಳೆಯಲ್ಲಿ ಹುಳ. ಅಡುಗೆಯವರು ಮೊರ ತಂದು ತೋರಿಸಿದರು. ರಿಜಿಸ್ಟರ್ ತೆರೆದು ಪೆನ್ನು ಹಿಡಿದಿದ್ದೆ. ಹೆಡ್‌ಮಾಸ್ಟರು ಪಕ್ಕಕ್ಕೆ ಬಂದು, ‘ಮೇಡಂ, ಆ ಉತ್ತರ ಪ್ರದೇಶದ್ದು ಓದಿದಿರಲ್ಲ? ಸುಮ್ಮನೆ ನಮಗ್ಯಾಕೆ? ಸಾಧಾರಣ ಅಂತ ಬರೆದುಬಿಡಿ’ ಎಂದರು. ಕೆಟ್ಟವರಲ್ಲ ಅವರು, ನಿವೃತ್ತಿಗೆ ಎರಡು ವರ್ಷವಿತ್ತು. ನಾನು ‘ಸಾಧಾರಣ’ ಎಂದೇ ಬರೆದು ಸಹಿ ಹಾಕಿದೆ. ಸಾವಿರಾರು ಮೈಲಿ ದೂರದ ಠಾಣೆಯಲ್ಲಿ ಯಾರ ಮೇಲೋ ಬರೆದ ಎಫ್‌ಐಆರು ನನ್ನ ಕೈಯಿಂದ ಆ ಒಂದು ಪದವನ್ನು ಬರೆಸಿತು. ಅಂಥ ಕೇಸುಗಳನ್ನು ಹಾಕುವುದೇ ಇದಕ್ಕೆ. ಆ ದಿನ ಮಕ್ಕಳು ಹುಳ ಆರಿಸಿ ತಟ್ಟೆಯ ಅಂಚಿಗಿಟ್ಟು ಉಂಡರು.

ಮುಂದಿನ ತಿಂಗಳ ಮೂಟೆಯೂ ಹಾಗೇ ಬಂತು. ಈ ಸಲ ಹೆಡ್‌ಮಾಸ್ಟರನ್ನು ಕೇಳಲಿಲ್ಲ. ‘ಹುಳ ಇದೆ, ಬಳಸಲು ಯೋಗ್ಯವಲ್ಲ’ ಎಂದು ಬರೆದೆ. ಒಂದು ವಾರ ಪೋಸ್ಟ್‌ಮ್ಯಾನಿನ ಸೈಕಲ್ ಗೇಟಿನ ಬಳಿ ನಿಂತಾಗಲೆಲ್ಲ ಎದೆ ಡವಗುಟ್ಟಿತು. ನೋಟೀಸು ಬರಲಿಲ್ಲ. ಎಂಟು ದಿನ ತಡವಾಗಿ ಬೇರೆ ಬೇಳೆ ಬಂತು.